ಉದ್ದ ಕೋಣೆಯ ತಕರಾರು

ಜುಲೈ 3, ಸೋಮವಾರ

ಇವತ್ತಿನಿಂದ ಎಲ್ಲವನ್ನೂ ತಾರೀಖು ಹಾಕಿ ಬರೆದಿಡುತ್ತೇನೆ. ಮೂವತ್ತೊಂದು ವರ್ಷ ಕಬ್ಬಿಣ ಕಡೆಯುವ ಲೇತ್ ಮುಂದೆ ನಿಂತು ಹುಡುಗರಿಗೆ ಕೆಲಸ ಕಲಿಸಿದವನು ನಾನು. ಬರವಣಿಗೆ ಎಂದರೆ ಹಾಜರಿ ಪುಸ್ತಕ, ರಜೆ ಅರ್ಜಿ, ಅಷ್ಟೇ. ಆದರೆ ನಾಳೆ ಯಾರಾದರೂ ಬಂದು ಯಾವ ದಿನ ಏನಾಯಿತು ಎಂದು ಕೇಳಿದರೆ ಬಾಯಿ ಬಾಯಿ ಬಿಡುವಂತಾಗಬಾರದು. ಈ ಪುಸ್ತಕ ನನಗೊಬ್ಬನಿಗೆ. ಹೆಂಡತಿ ಕಣ್ಣಿಗೆ ಬಿದ್ದರೆ ಒಂದು ವಾರ ನಗುತ್ತಾಳೆ, ಹಾಗಾಗಿ ಟೂಲ್ ಪೆಟ್ಟಿಗೆಯಲ್ಲಿ ಇಡುತ್ತೇನೆ.

ವಿಷಯ ಇಷ್ಟು. ಒಂದು ದೊಡ್ಡ ಕಾರ್ಖಾನೆಯವರು ನಮ್ಮ ಸಂಸ್ಥೆಗೆ ಕಂಪ್ಯೂಟರಿನಿಂದ ನಡೆಯುವ ಲೇತ್ ಒಂದನ್ನು ದಾನ ಕೊಡಲು ಒಪ್ಪಿದ್ದಾರೆ. ಎಂಟು ವರ್ಷ ಅರ್ಜಿ ಬರೆದು ಬರೆದು ನನ್ನ ಬೆರಳು ಸವೆದಿತ್ತು. ಡ್ರಾಯಿಂಗ್ ಕೊಟ್ಟು ಗುಂಡಿ ಒತ್ತಿದರೆ ಸಾಕು, ಅದೇ ಕೊರೆದು, ಅದೇ ಅಳೆದು, ತುಂಡನ್ನು ಈಚೆ ಇಡುತ್ತದೆ. ಇನ್ನೆರಡು ವರ್ಷಕ್ಕೆ ನನ್ನ ನಿವೃತ್ತಿ. ಅಷ್ಟರಲ್ಲಿ ನನ್ನ ಹುಡುಗರು ಅದನ್ನು ಓಡಿಸುವುದನ್ನು ಒಮ್ಮೆ ನೋಡಬೇಕು. ನನಗೆ ಬೇರೆ ಆಸೆ ಇಲ್ಲ.

ತಿಂಗಳ ಕೊನೆಯೊಳಗೆ ಜಾಗ ತೋರಿಸದಿದ್ದರೆ ಯಂತ್ರ ಬೇರೆ ಸಂಸ್ಥೆಯ ಪಾಲು. ನಮ್ಮ ವರ್ಕ್‌ಶಾಪ್ ಭರ್ತಿಯಾಗಿದೆ. ಮಹಡಿ ಅಷ್ಟು ಭಾರ ತಡೆಯುವುದಿಲ್ಲ. ಉಳಿದದ್ದು ವರ್ಕ್‌ಶಾಪಿನ ಗೋಡೆಗೆ ಅಂಟಿಕೊಂಡ ಉದ್ದ ಕೋಣೆ. ಅಲ್ಲಿ ಕಲಾ ವಿಭಾಗ ನಡೆಯುತ್ತದೆ. ನಡೆಯುತ್ತದೆ ಎನ್ನುವುದು ಮರ್ಯಾದೆಗೆ ಹೇಳುವ ಮಾತು, ನಿಜವಾಗಿ ತೆವಳುತ್ತದೆ. ಹದಿನಾಲ್ಕು ವಿದ್ಯಾರ್ಥಿಗಳು, ಒಬ್ಬರೇ ಮೇಡಂ. ಇತಿಹಾಸ, ತತ್ವಶಾಸ್ತ್ರ, ಸಾಹಿತ್ಯ, ತರ್ಕ, ಎಲ್ಲಕ್ಕೂ ಅವರೇ. ಏನು ಹೇಳಿದರೂ ‘ಯಾಕೆ?’ ಎನ್ನುತ್ತಾರೆಂದು ಸ್ಟಾಫ್ ರೂಮಿನಲ್ಲಿ ಅವರಿಗೆ ಯಾಕಮ್ಮ ಎಂದೇ ಹೆಸರು. ನನ್ನನ್ನು ಮಿಲಿಮೀಟರ್ ಮೇಷ್ಟ್ರು ಎನ್ನುತ್ತಾರೆ. ಅದು ಬೈಗುಳವಲ್ಲ.

ಪ್ರಿನ್ಸಿಪಾಲರು ಇಬ್ಬರನ್ನೂ ಕರೆದು ಕಡ್ಡಿ ಮುರಿದಂತೆ ಹೇಳಿದರು. ಇಪ್ಪತ್ತೆಂಟನೇ ತಾರೀಖು ಆಡಳಿತ ಮಂಡಳಿಯ ಮುಂದೆ ತಲಾ ಹತ್ತು ನಿಮಿಷ ಮಾತಾಡಬೇಕು, ಅವರು ಯಾರಿಗೆ ಕೊಡುತ್ತಾರೋ ಅವರಿಗೆ ಕೋಣೆ. ನಮಗೆ ಬಂದರೆ ಕಲಾ ವಿಭಾಗಕ್ಕೆ ಬೇರೆ ಜಾಗವಿಲ್ಲ, ಈ ವರ್ಷಕ್ಕೇ ಬಾಗಿಲು ಹಾಕುತ್ತಾರೆ. ಪಾಪ ಎನಿಸಿತು. ಆದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕು ಎಂದರೆ ಹೇಗೆ?

ಜುಲೈ 4, ಮಂಗಳವಾರ

ಭಾಷಣ ಬರೆದೆ. ನಾಲ್ಕು ಪುಟ. ಹೆಂಡತಿ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ಕಾಲು ನೀಡಿಕೊಂಡು ಓದಿದಳು. ನರ್ಸ್ ಆಗಿ ಮೂವತ್ತೆರಡು ವರ್ಷ ಎಂಥೆಂಥ ವೈದ್ಯರ ಕೈಬರಹ ಓದಿದವಳು, ನನ್ನದನ್ನು ಒಂದೇ ಉಸಿರಿಗೆ ಮುಗಿಸಿದಳು.

“ಇದನ್ನ ಓದಿದ್ರೆ ನಾನೇ ಕೋಣೆ ಕೊಡಲ್ಲ ರೀ,” ಅಂದಳು. “ಮೂರು ಪುಟ ಬರೀ ಅವರನ್ನ ಬೈದಿದ್ದೀರಿ.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವಳಿಗೆ ಲೇತ್ ಬಗ್ಗೆ ಏನು ಗೊತ್ತು? ಆದರೂ ಎರಡು ಪುಟ ಹರಿದು ಹಾಕಿದೆ.

ಜುಲೈ 5, ಬುಧವಾರ

ಬೆಳಿಗ್ಗೆ ಟೇಪು ಹಿಡಿದು ಉದ್ದ ಕೋಣೆಗೆ ಹೋದೆ. ಪಾಠ ನಡೆಯುತ್ತಿತ್ತು. ನಡೆಯಲಿ, ನೆಲ ಅಳೆಯಲು ನನಗೆ ಮಾತು ಬೇಕಿಲ್ಲವಲ್ಲ ಎಂದು ಗೋಡೆಯುದ್ದಕ್ಕೂ ಟೇಪು ಎಳೆಯುತ್ತಾ ಹೋದೆ. ಕೊನೆಯ ಬೆಂಚಿನವರಿಗೆ ಕಾಲೆತ್ತಲು ಹೇಳಿದೆ, ಎತ್ತಿದರು. ಹದಿನಾಲ್ಕು ತಲೆಗಳೂ ಟೇಪಿನ ಹಿಂದೆಯೇ ತಿರುಗಿದವು.

ಯಾಕಮ್ಮ ರೇಗುತ್ತಾರೆ ಎಂದುಕೊಂಡಿದ್ದೆ. ಅವರು ರೇಗಲಿಲ್ಲ. ಮೇಷ್ಟ್ರು ಯಾಕೆ ಅಳೆಯುತ್ತಿದ್ದಾರೆ, ಅವರ ಪರವಾಗಿ ಯಾರು ಹೇಳುತ್ತೀರಿ ಎಂದು ತರಗತಿಯನ್ನು ಕೇಳಿದರು. ಆ ತರಗತಿಯಲ್ಲಿ ಒಂದು ನಿಯಮವಿದೆಯಂತೆ. ಯಾರೊಂದಿಗಾದರೂ ವಾದ ಮಾಡಬೇಕಾದರೆ ಮೊದಲು ಅವರ ಮಾತನ್ನು ನೀನು ಹೇಳಬೇಕು. ಅವರು ‘ಹೌದು, ನನ್ನ ಮನಸ್ಸಿನಲ್ಲಿರುವುದು ಇದೇ’ ಎಂದು ತಲೆ ಆಡಿಸಬೇಕು. ಆಡಿಸುವ ತನಕ ನಿನ್ನ ಮಾತು ಶುರು ಮಾಡುವ ಹಾಗಿಲ್ಲ.

ಕನ್ನಡಕ ಹಾಕಿದ ಹುಡುಗಿಯೊಬ್ಬಳು ಎದ್ದಳು. ವರ್ಕ್‌ಶಾಪಿನ ಹುಡುಗರು ಕಾರ್ಖಾನೆಗೆ ಹೋದ ಮೊದಲ ದಿನ ಅಂಥ ಯಂತ್ರದ ಮುಂದೆ ಕೈಕಟ್ಟಿ ನಿಲ್ಲುತ್ತಾರೆ, ಅಲ್ಲಿನವರು ನಗುತ್ತಾರೆ, ಕಲಿಸಿದ ಮೇಷ್ಟ್ರಿಗೆ ಅದು ಅವಮಾನ ಎಂದಳು. ಈ ಮೇಷ್ಟ್ರಿಗೆ ಕಾಯಲು ಇನ್ನು ಹೆಚ್ಚು ವರ್ಷಗಳಿಲ್ಲ ಎಂದೂ ಸೇರಿಸಿದಳು. ಇದನ್ನು ನಾನು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. “ಸರಿನಾ ಸರ್?” ಎಂದು ಕೇಳಿದಳು. ನನಗೆ ಗೊತ್ತಾಗುವ ಮೊದಲೇ ನನ್ನ ತಲೆ ಆಡಿಬಿಟ್ಟಿತ್ತು.

“ಈಗ ನೀವು ನಮ್ಮದು ಹೇಳಿ ಮೇಷ್ಟ್ರೇ,” ಅಂದರು ಯಾಕಮ್ಮ.

ನಿಮಗೆ ಕೂತು ಹರಟೆ ಹೊಡೆಯಲು ಒಂದು ಕೋಣೆ ಬೇಕು ಎಂದೆ. ಒಂದು ತಲೆಯೂ ಆಡಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಬೆಂಚು ಅಲ್ಲಾಡುವಷ್ಟು ನಕ್ಕರು. ಟೇಪು ಸುತ್ತಿಕೊಂಡು ಬಂದುಬಿಟ್ಟೆ. ಮಿಲಿಮೀಟರಿನ ನೂರನೇ ಒಂದು ಭಾಗ ಹಿಡಿಯುವವನಿಗೆ ಇವರ ಮನಸ್ಸು ಹಿಡಿಯಲು ಬಾರದೆ? ಸೋಮವಾರ ತೋರಿಸುತ್ತೇನೆ.

ಕೋಣೆಯ ಉದ್ದ ಹನ್ನೊಂದು ಮೀಟರ್, ಅಗಲ ಐದೂಮುಕ್ಕಾಲು. ಯಂತ್ರ ಆರಾಮವಾಗಿ ಕೂರುತ್ತದೆ.

ಜುಲೈ 7, ಶುಕ್ರವಾರ

ಟಾರ್ಪಾಲು ತೆಗೆದು ಮೂಲೆಯ ಹಳೆಯ ಮೂರು ಲೇತ್‌ಗಳಿಗೂ ಎಣ್ಣೆ ಹಾಕಿದೆ. ಆರು ವರ್ಷದಿಂದ ಓಡದಿದ್ದರೂ ತುಕ್ಕು ಹಿಡಿಯಬಾರದು. ನನ್ನ ಗುರುಗಳು ನನ್ನ ಕೈ ಹಿಡಿದು ಮೊದಲ ಕೆಲಸ ಕಲಿಸಿದ್ದು ಇವುಗಳಲ್ಲಿ ಒಂದರ ಮೇಲೆ; ಅವರ ಶೆಡ್ ಮುಚ್ಚಿದಾಗ ಅದು ಇಲ್ಲಿಗೆ ಬಂತು.

ಜುಲೈ 10, ಸೋಮವಾರ

ಹೋದೆ. ಈ ಸಲ ಸಿದ್ಧವಾಗಿ ಹೋಗಿದ್ದೆ. ನೀವು ಬಹಳ ವರ್ಷಗಳಿಂದ ಇಲ್ಲಿದ್ದೀರಿ, ಎದ್ದು ಹೋಗುವುದು ಕಷ್ಟ, ಓದಿದವರಿಗೆ ಮರ್ಯಾದೆ ಇರುತ್ತದೆ ಎಂದೆಲ್ಲ ಹೇಳಿದೆ. ಎರಡು ತಲೆ ಆಡಿದವು. ಅದರಲ್ಲಿ ಒಂದು ತೂಕಡಿಕೆ ಇರಬೇಕು.

ಅಲ್ಲಿ ಒಬ್ಬ ಟೈಲರ್ ಹೆಂಗಸು ಕಲಿಯುತ್ತಾರೆ. ನನ್ನ ಹೆಂಡತಿಯ ವಯಸ್ಸು. ಅಂಗಡಿಯನ್ನು ತಂಗಿಗೆ ಬಿಟ್ಟು ಬರುತ್ತಾರೆ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ತಾಯಿ ಎಂದು ಕೇಳಿದೆ. ಗಂಡ ತೀರಿಕೊಂಡ ವಾರ ಮೈದುನಂದಿರು ಒಂದು ಕಾಗದ ಮುಂದಿಟ್ಟು ಸಹಿ ಕೇಳಿದರಂತೆ, ಇವರು ಹಾಕಿದರಂತೆ. ಆಮೇಲೆ ಮನೆ ಇವರದಾಗಿ ಉಳಿಯಲಿಲ್ಲ.

“ನಂಗೆ ಓದೋಕೆ ಬರ್ತಿತ್ತು ಸರ್,” ಅಂದರು. “ಕೇಳೋಕೆ ಬರ್ತಿರ್ಲಿಲ್ಲ. ಅಷ್ಟು ದೊಡ್ಡೋರ ಮುಂದೆ ಏನಂತ ಕೇಳೋದು, ಹೆಂಗೆ ಕೇಳೋದು, ಗೊತ್ತಿರ್ಲಿಲ್ಲ. ಅದನ್ನ ಕಲಿಯೋಕೆ ಬಂದೆ.”

ನಾನು ಎದ್ದು ಹೊರಟೆ. ಆಯಮ್ಮ ಬಿಡಲಿಲ್ಲ. ದಿನಾ ವರ್ಕ್‌ಶಾಪಿನ ಕಿಟಕಿ ಪಕ್ಕದಲ್ಲೇ ಬರುತ್ತಾರಂತೆ, ಮೂಲೆಯಲ್ಲಿ ಟಾರ್ಪಾಲು ಮುಚ್ಚಿರುವುದು ಏನು ಎಂದು ಕೇಳಿದರು. ಹಳೆಯ ಲೇತ್‌ಗಳು, ಹುಡುಗರ ಅಭ್ಯಾಸಕ್ಕೆ ಬೇಕು ಎಂದೆ. ಅದು ಬೇರೆ ವಿಷಯ. ಇಲ್ಲಿ ಬರೆಯುವ ಅಗತ್ಯ ಇರಲಿಲ್ಲ.

ಜುಲೈ 12, ಬುಧವಾರ

ಇನ್ನು ಆ ಕೋಣೆಯ ಹೊಸ್ತಿಲು ತುಳಿಯುವುದಿಲ್ಲ.

ಇವತ್ತು ಇತಿಹಾಸ ಹೇಳಿದರು. ತುಂಬಾ ಹಿಂದೆ, ಸಮುದ್ರದಾಚೆಯ ನಾಡುಗಳಲ್ಲಿ ವಿದ್ಯೆಯನ್ನು ಎರಡು ಪಾಲು ಮಾಡಿದ್ದರಂತೆ. ಸ್ವತಂತ್ರರು ಕಲಿಯುವುದು ಒಂದು, ಇನ್ನೊಬ್ಬರಿಗಾಗಿ ದುಡಿಯುವವರು ಕಲಿಯುವುದು ಇನ್ನೊಂದು. ಸ್ವತಂತ್ರರ ಪಾಲಿನದು ಏಳು: ವ್ಯಾಕರಣ, ತರ್ಕ, ಮಾತುಗಾರಿಕೆ, ಲೆಕ್ಕ, ರೇಖಾಗಣಿತ, ಸಂಗೀತ, ನಕ್ಷತ್ರಗಳ ಚಲನೆ. ಕೈಕೆಲಸ ಎರಡನೆಯ ಪಾಲು. ಕಲಾ ವಿಭಾಗದ ಬೇರು ಆ ಮೊದಲ ಪಾಲಿನಲ್ಲಿದೆಯಂತೆ.

ಅಂದರೆ ಗೋಡೆಯ ಈಚೆಗೆ ಧಣಿಗಳು, ಆಚೆಗೆ ಆಳುಗಳು. ಮೂವತ್ತೊಂದು ವರ್ಷ ಎಣ್ಣೆ, ಗ್ರೀಸು ಬಳಿದುಕೊಂಡವನ ಮುಖಕ್ಕೆ ಹೊಡೆದಂತೆ ಆಯಿತು. ಎದ್ದು ಬಂದೆ. ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿದೆ. ಮೇಡಂ ಹಿಂದಿನಿಂದ ಏನೋ ಹೇಳುತ್ತಿದ್ದರು. ಹೇಳಿಕೊಳ್ಳಲಿ.

ಜುಲೈ 14, ಶುಕ್ರವಾರ

ಕೋಪ ಇಳಿದಿಲ್ಲ. ಸೀಮೆಸುಣ್ಣದಲ್ಲಿ ಆ ಏಳನ್ನೂ ವರ್ಕ್‌ಶಾಪಿನ ಹಲಗೆಯ ಮೇಲೆ ಬರೆದೆ. ಹುಡುಗರು ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳಿದರು. ಬಾಯಿ ಮುಚ್ಚಿ ಕೆಲಸ ಮಾಡಿ ಎಂದೆ.

ನೋಡುತ್ತಾ ನಿಂತೆ. ಲೆಕ್ಕ: ನನ್ನ ದಿನದ ಕೆಲಸ. ರೇಖಾಗಣಿತ: ಅದಿಲ್ಲದೆ ಒಂದು ಬೋಲ್ಟೂ ಆಗುವುದಿಲ್ಲ. ಸಂಗೀತ: ಇದನ್ನು ಅಳಿಸಲು ಹೋದವನು ಕೈ ಹಿಂದೆ ತೆಗೆದೆ. ಲೇತ್ ಓಡುವಾಗ ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ, ಟೂಲ್ ಮೊಂಡಾಗಿದೆಯೋ, ತುಂಡು ಸಡಿಲವಾಗಿದೆಯೋ, ಹುಡುಗ ಆತುರ ಮಾಡುತ್ತಿದ್ದಾನೋ. ಅದು ಶ್ರುತಿಯಲ್ಲದೆ ಮತ್ತೇನು? ಏಳರಲ್ಲಿ ಮೂರು ನನ್ನವೇ. ಹಾಗಾದರೆ ಆ ಹಳೆಯ ಕಾಲದವರು ಪಾಲು ಮಾಡುವಾಗಲೇ ಅಳತೆ ತಪ್ಪಿದ್ದಾರೆ. ಇದನ್ನು ಯಾಕಮ್ಮನಿಗೆ ಹೇಳಲೇಬೇಕು. ಹೇಳಿ ಬಂದುಬಿಡುತ್ತೇನೆ, ಕೂರುವುದಿಲ್ಲ.

ಜುಲೈ 17, ಸೋಮವಾರ

ಹೇಳಿದೆ. ಕೂತೆ. ಎರಡು ಗಂಟೆ ಆಯಿತು.

ಮೇಡಂ ನನ್ನ ಮಾತು ಪೂರ್ತಿ ಕೇಳಿ, ಅದನ್ನೇ ತಮ್ಮ ಮಾತಿನಲ್ಲಿ ತಿರುಗಿಸಿ ಹೇಳಿ, ನಾನು ತಲೆ ಆಡಿಸಿದ ಮೇಲೆ ಅಂದರು, “ಮೊನ್ನೆ ನೀವು ಬಾಗಿಲು ಹಾಕ್ಕೊಂಡು ಹೋದಾಗ ನಾನು ಹೇಳ್ತಾ ಇದ್ದದ್ದೂ ಇದೇ ಮೇಷ್ಟ್ರೇ. ಆ ಗೋಡೆ ತಪ್ಪು ಅಂತ.” ನಮ್ಮ ಸಂಸ್ಥೆ ಶುರು ಮಾಡಿದ ಹಿರಿಯರಿಗೂ ಅದೇ ಅನಿಸಿತ್ತಂತೆ. ಕೈಕೆಲಸ ಕಲಿಯುವ ಪ್ರತಿಯೊಬ್ಬರೂ ಈ ಕೋಣೆಯಲ್ಲಿ ಕೂರಲೇಬೇಕು ಎಂದು ನಿಯಮ ಬರೆದಿಟ್ಟಿದ್ದರಂತೆ. ಟೈಂಟೇಬಲ್ಲಿನಲ್ಲಿ ಒಂದೊಂದೇ ಗಂಟೆ ಕತ್ತರಿಸುತ್ತಾ ಬಂದು ಕೊನೆಗೆ ನಿಯಮವೇ ಉಳಿಯಲಿಲ್ಲ. ಕತ್ತರಿಸಿದವರು ಯಾರು ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ನೆನಪಾಯಿತು, ಹನ್ನೆರಡು ವರ್ಷದ ಹಿಂದೆ ಪ್ರಾಕ್ಟಿಕಲ್ ಸಾಲದು ಎಂದು ಕೊನೆಯ ಎರಡು ಗಂಟೆ ಕಿತ್ತುಕೊಂಡವನು ನಾನೇ. ಆಗ ಗೆದ್ದೆ ಎಂದು ಎಲ್ಲರಿಗೂ ಚಹಾ ಕೊಡಿಸಿದ್ದೆ.

ಹೊರಡುವ ಮೊದಲು ಅವರ ಮಾತನ್ನು ಮತ್ತೆ ಹೇಳಿ ನೋಡಿದೆ. ಇವತ್ತು ಆರು ತಲೆ ಆಡಿದವು.

ಜುಲೈ 19, ಬುಧವಾರ

ಮೇಡಂ ಸಂಗೀತ ಕೇಳಲು ವರ್ಕ್‌ಶಾಪಿಗೆ ಬಂದರು, ಹದಿನಾಲ್ಕು ಮಂದಿಯನ್ನೂ ಕಟ್ಟಿಕೊಂಡು. ಎರಡು ಲೇತ್ ಓಡಿಸಿ ಯಾವುದರ ಟೂಲ್ ಮೊಂಡು ಎಂದು ಕೇಳಿದೆ. ಟೈಲರ್ ಅಮ್ಮ ಥಟ್ಟನೆ ಸರಿಯಾಗಿ ಹೇಳಿದರು. ಹೊಲಿಗೆ ಯಂತ್ರದ ಸೂಜಿಯೂ ಹಾಗೇ ಕೂಗುತ್ತದಂತೆ. ಮೇಡಂ ತಾವೂ ಒಂದು ತುಂಡು ತಿರುಗಿಸುತ್ತೇನೆ ಎಂದು ಹಠ ಮಾಡಿ ಅದನ್ನು ಕುಲಗೆಡಿಸಿದರು. ಸಿಲಿಂಡರ್ ಆಗಬೇಕಿದ್ದದ್ದು ಕುತ್ತಿಗೆ ಉದ್ದವಾದ ಪಿಯರ್ ಹಣ್ಣಿನಂತೆ ಆಯಿತು. ಇಷ್ಟು ಖುಷಿಯಿಂದ ಕೆಲಸ ಕೆಡಿಸುವವರನ್ನು ನಾನು ನೋಡಿರಲಿಲ್ಲ.

ಮಧ್ಯಾಹ್ನ ನನ್ನ ಇಬ್ಬರು ಹುಡುಗರು ತುಂಡನ್ನು ಬಿಗಿ ಹಿಡಿಯುವ ಒಂದೇ ಚಕ್ ತನಗೆ ಬೇಕೆಂದು ಕಿತ್ತಾಡಿದರು. ಹಿಂದೆ ಆಗಿದ್ದರೆ ಇಬ್ಬರನ್ನೂ ಹೊರಗೆ ನಿಲ್ಲಿಸುತ್ತಿದ್ದೆ. ಇವತ್ತು, ನೀನು ಅವನ ಕಷ್ಟ ಹೇಳು, ನೀನು ಇವನದು ಹೇಳು ಎಂದೆ. ಎರಡು ನಿಮಿಷದಲ್ಲಿ ಜಗಳ ಮುಗಿಯಿತು. ಸಮಯ ಉಳಿಯಿತು, ಅಷ್ಟೇ. ಅದಕ್ಕೆ ಮಾಡಿದ್ದು.

ಜುಲೈ 22, ಶನಿವಾರ

ನಾದಿನಿ ಹದಿನೈದು ದಿನ ಇರಲು ಬರುತ್ತಾಳಂತೆ. ಇದು ನಮ್ಮ ಮನೆಯ ಹಳೆಯ ಜಗಳ. ನಾನು ಬಾಯಿ ತೆಗೆಯುವ ಮೊದಲು ಯೋಚಿಸಿ ಹೆಂಡತಿಗೆ ಹೀಗೆ ಹೇಳಿದೆ: ನಿನಗೆ ದಿನವಿಡೀ ಆಸ್ಪತ್ರೆಯಲ್ಲಿ ಬೇರೆಯವರ ನೋವು ಕೇಳಿ ಸಾಕಾಗಿರುತ್ತದೆ, ನಿನ್ನ ಮಾತು ಕೇಳುವವರು ಒಬ್ಬರು ಬೇಕು, ನಾನು ಮನೆಗೆ ಬಂದರೆ ಪೇಪರ್ ಹಿಡಿದು ಕೂರುತ್ತೇನೆ, ಅದಕ್ಕೇ ತಂಗಿಯನ್ನು ಕರೆಯುತ್ತೀಯ. ಸರಿಯೇ?

ಅವಳು ಹತ್ತಿರ ಬಂದು ಹಣೆ ಮುಟ್ಟಿ ಜ್ವರ ನೋಡಿದಳು.

“ಮೈ ಬಿಸಿ ಇಲ್ಲ,” ಅಂದಳು. ಕಣ್ಣು ಮಾತ್ರ ಒದ್ದೆಯಾಗಿತ್ತು. ಈ ಹೆಂಗಸರಿಗೆ ಏನು ಹೇಳಿದರೂ ಕಷ್ಟ. ಪೇಪರ್ ಪಕ್ಕಕ್ಕಿಟ್ಟೆ. ಊಟದ ಹೊತ್ತಿನ ತನಕ ಮಾತಾಡಿದೆವು. ಭಾಷಣ ತಿದ್ದುವುದು ಹಾಗೇ ಉಳಿಯಿತು.

ಜುಲೈ 24, ಸೋಮವಾರ

ಹದಿನಾಲ್ಕಕ್ಕೆ ಹದಿನಾಲ್ಕೂ ತಲೆ ಆಡಿದವು. ನನಗೆ ಕುಣಿಯಬೇಕು ಎನಿಸಿತು. ಮೇಡಂ ಮಾತ್ರ ಆಡಿಸಲಿಲ್ಲ.

“ಹೇಳಿದ್ದೆಲ್ಲ ಸರಿ ಮೇಷ್ಟ್ರೇ. ಆದ್ರೆ ಇದೆಲ್ಲ ನಮ್ಮಿಂದ ಕೇಳಿದ್ದನ್ನೇ ವಾಪಸ್ ಕೊಟ್ರಿ,” ಅಂದರು. “ಈ ಕೋಣೆ ಯಾಕೆ ಇರಬೇಕು ಅಂತ ನಿಮಗೆ ಏನಾದ್ರೂ ಅನಿಸಿದ್ಯಾ?”

ನನಗೆ ಯಾಕೆ ಅನಿಸಬೇಕು? ಕೋಣೆ ಕಸಿದುಕೊಳ್ಳುವವನು ನಾನು. ಹಾಗೇ ಹೇಳಿದೆ. ಅವರು ನಕ್ಕರು. ಶುಕ್ರವಾರ ಮಂಡಳಿ ಸೇರುತ್ತದೆ. ಸೋತರೆ ಅವರ ಕೆಲಸವೂ ಹೋಗುತ್ತದೆ, ಈ ಮಕ್ಕಳು ಮನೆಗೆ ಹೋಗುತ್ತಾರೆ. ಅಂಥವರು ಹೇಗೆ ನಗುತ್ತಾರೋ. ಮನಸ್ಸಿಗೆ ಸಮಾಧಾನವಿಲ್ಲ.

ಜುಲೈ 26, ಬುಧವಾರ

ಹೆಂಡತಿ ಗಡಿಯಾರ ಹಿಡಿದಳು. ನನ್ನ ಭಾಷಣ ಒಂಬತ್ತು ನಿಮಿಷ. ಮೊದಲ ಒಂದು ನಿಮಿಷ ಅವರ ಮಾತಿಗೆ. ನಿಮ್ಮ ಹತ್ತು ನಿಮಿಷದಲ್ಲಿ ಅವರಿಗೆ ಯಾಕೆ ಒಂದು ಬಿಟ್ಟುಕೊಡುತ್ತೀರಿ ಎಂದು ಕೇಳಿದಳು. ಅದು ನಿಯಮ ಎಂದೆ.

ಜುಲೈ 28, ಶುಕ್ರವಾರ

ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಮಂಡಳಿಯವರು ಐವರು. ಅಧ್ಯಕ್ಷರು ಕಟ್ಟಡ ಕಟ್ಟಿಸುವವರು, ಮಾತು ಕಡಿಮೆ. ಮೇಜಿನ ಒಂದು ಬದಿಗೆ ನಾನು, ಎದುರಿಗೆ ಮೇಡಂ. ಗೋಡೆಯ ಪಕ್ಕದಲ್ಲಿ ಪ್ರಿನ್ಸಿಪಾಲರು ಹತ್ತು ನಿಮಿಷಕ್ಕೆ ಬಾರಿಸಲು ಒಂದು ಗಂಟೆ ಇಟ್ಟುಕೊಂಡು ಕೂತಿದ್ದರು. ಮೊದಲು ನನ್ನನ್ನು ಕರೆದರು.

ನಿಯಮದ ಪ್ರಕಾರ ಅವರ ಮಾತಿನಿಂದ ಶುರು ಮಾಡಿದೆ. ಟೈಲರ್ ಅಮ್ಮನ ಕಥೆ ಹೇಳಿದೆ, ಹಿರಿಯರು ಬರೆದಿಟ್ಟ ನಿಯಮ ಹೇಳಿದೆ, ಅದನ್ನು ಕತ್ತರಿಸಿದವನು ನಾನೇ ಎಂದೂ ಹೇಳಿದೆ. ಒಂದು ನಿಮಿಷ ಮುಗಿದಿರಬೇಕು. ಮೇಡಂ ಕಡೆ ನೋಡಿದೆ. ಅವರು ತಲೆ ಆಡಿಸಲಿಲ್ಲ. ಆಡಿಸದೆ ಮುಂದೆ ಹೋಗುವ ಹಾಗಿಲ್ಲ. ಇನ್ನೇನು ಉಳಿದಿದೆ ಎಂದು ತಡಕಾಡಿದೆ. ಆಗ ಯಾರಿಗೂ ಹೇಳದ ಒಂದು ವಿಷಯ ಬಾಯಿಗೆ ಬಂತು.

ನಾನು ಇಲ್ಲಿಗೆ ಸೇರುವ ಮೊದಲು ಒಂದು ಸಣ್ಣ ಕಾರ್ಖಾನೆಯಲ್ಲಿದ್ದೆ. ಆಸ್ಪತ್ರೆಯ ಮಂಚದ ಗಾಲಿಗಳಿಗೆ ನಾನೂರು ಬುಷ್, ಅಂದರೆ ಅಚ್ಚಿಗೆ ತೊಡಿಸುವ ಲೋಹದ ಬಳೆ, ಮಾಡಲು ಡ್ರಾಯಿಂಗ್ ಬಂತು. ಮಾಡಿದೆವು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮೊದಲ ತುಂಡು ಕೈಗೆ ಬಂದಾಗಲೇ ನನಗೆ ಅನಿಸಿತ್ತು, ಈ ಅಳತೆಗೆ ಗಾಲಿಯ ಬ್ರೇಕು ಹಿಡಿಯುವುದಿಲ್ಲ ಎಂದು. ಪಕ್ಕದವನಿಗೂ ಅನಿಸಿತ್ತು. ಯಾರೂ ಕೇಳಲಿಲ್ಲ. ಡ್ರಾಯಿಂಗ್ ಮಾಡಿದವರು ದೊಡ್ಡವರು, ಕೇಳುವುದು ನಮ್ಮ ಕೆಲಸವಲ್ಲ ಎಂದುಕೊಂಡೆವು. ಒಂದು ದಿನ ಒಬ್ಬ ಮುದುಕ ಮಂಚದಿಂದ ಇಳಿಯುವಾಗ ಮಂಚವೇ ಜಾರಿ ಸೊಂಟ ಮುರಿದುಕೊಂಡ. ಆ ವಾರ್ಡಿನಲ್ಲಿ ಹೊಸದಾಗಿ ಸೇರಿದ್ದ ನರ್ಸ್ ಒಬ್ಬಳು ಕಾರ್ಖಾನೆಗೇ ಬಂದು, ಇದನ್ನು ಮಾಡಿದವರು ಯಾರು ಎಂದು ಕೇಳಿದಳು. ನಾನು ಸುಮ್ಮನೆ ನಿಂತೆ. ಆಮೇಲೆ ಅವಳನ್ನೇ ಮದುವೆಯಾದೆ. ಅವಳಿಗೂ ಇವತ್ತಿನವರೆಗೆ ಹೇಳಿಲ್ಲ.

“ಮೂವತ್ತೊಂದು ವರ್ಷ ನಾನು ಹುಡುಗರಿಗೆ ಡ್ರಾಯಿಂಗ್ ಪ್ರಕಾರ ಮಾಡೋದು ಕಲಿಸಿದೆ,” ಅಂದೆ. “ಡ್ರಾಯಿಂಗ್ ಸರಿ ಇದೆಯಾ ಅಂತ ಕೇಳೋದು ಕಲಿಸಲಿಲ್ಲ. ನನಗೇ ಬರ್ತಿರಲಿಲ್ಲ. ಈಗ ಬರೋ ಯಂತ್ರ ನನಗಿಂತ ಚೆನ್ನಾಗಿ ಮಾಡುತ್ತೆ, ಸುಸ್ತಾಗದೆ ಮಾಡುತ್ತೆ. ತಪ್ಪು ಡ್ರಾಯಿಂಗ್ ಕೊಟ್ರೆ ನಾನೂರಲ್ಲ, ನಾಲ್ಕು ಲಕ್ಷ ತಪ್ಪು ತುಂಡು ಮಾಡುತ್ತೆ. ಅದು ಬಂದ ಮೇಲೆ ನಮ್ಮ ಮಕ್ಕಳಿಗೆ ಉಳಿಯೋ ಕೆಲಸ ಕೇಳೋದೊಂದೇ. ಅದನ್ನ ಕಲಿಸೋ ಕೋಣೆ ಈ ಸಂಸ್ಥೇಲಿ ಒಂದೇ ಇದೆ.”

ಮತ್ತೆ ಮೇಡಂ ಕಡೆ ನೋಡಿದೆ. ಅವರು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು. ತಲೆ ಆಡಲಿಲ್ಲ. ಇನ್ನೂ ಸಾಲದೆ? ಮತ್ತೆ ಬಾಯಿ ತೆಗೆದೆ. ಪ್ರಿನ್ಸಿಪಾಲರು ಗಂಟೆ ಬಾರಿಸಿದರು. ನನ್ನ ಹತ್ತು ನಿಮಿಷ ಮುಗಿದಿತ್ತು. ನನ್ನ ಭಾಷಣ ಜೇಬಿನಿಂದ ಹೊರಗೇ ಬಂದಿರಲಿಲ್ಲ. ಅಯ್ಯೋ ಎಂದುಕೊಂಡು ಕೂತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಎಂಟು ವರ್ಷದ ಕೆಲಸವನ್ನು ಹತ್ತು ನಿಮಿಷದಲ್ಲಿ ನಾನೇ ಹಾಳು ಮಾಡಿಕೊಂಡಿದ್ದೆ.

ಮೇಡಂ ಎದ್ದರು. ಕಲಾ ವಿಭಾಗದ ಬಗ್ಗೆ ತಾವು ಸೇರಿಸುವುದು ಏನೂ ಉಳಿದಿಲ್ಲ, ತಮ್ಮ ಸಮಯದಲ್ಲಿ ಮೇಷ್ಟ್ರ ಮಾತು ಹೇಳುತ್ತೇನೆ ಎಂದರು. ಹೇಳಿದರು. ನಾನೂ ಅಷ್ಟು ಚೆನ್ನಾಗಿ ಬರೆದಿರಲಿಲ್ಲ. ಕೈಕಟ್ಟಿ ನಿಲ್ಲುವ ಹುಡುಗರು, ಎಂಟು ವರ್ಷದ ಅರ್ಜಿಗಳು, ಈ ತಿಂಗಳು ತಪ್ಪಿದರೆ ಮತ್ತೆ ಸಿಗದ ಯಂತ್ರ. ಕೇಳುತ್ತಾ ಕೇಳುತ್ತಾ ನನ್ನ ಎದೆ ಉಬ್ಬಿತು. ಕೊನೆಗೆ ಅವರು, “ಮಹಡಿ ಭಾರ ತಡೆಯಲ್ಲ. ವರ್ಕ್‌ಶಾಪಲ್ಲಿ ಒಂದಡಿ ಜಾಗವೂ ಇಲ್ಲ. ಆದ್ದರಿಂದ ಆ ಕೋಣೆ ಬಿಟ್ಟು ಅವರಿಗೆ ಬೇರೆ ದಾರಿ ಇಲ್ಲ,” ಅಂದು ನಿಲ್ಲಿಸಿ, ನಿಯಮದಂತೆ ನನ್ನ ಕಡೆ ತಿರುಗಿದರು.

ತಲೆ ಆಡಿಸಿದರೆ ಕೋಣೆ ನನ್ನದು. ಮಂಡಳಿಯವರೂ ಆಗಲೇ ಆ ಕಡೆಗೆ ವಾಲಿದ್ದರು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಐದು ಜನ, ಪ್ರಿನ್ಸಿಪಾಲರು, ಮೇಡಂ, ಎಲ್ಲರೂ ನನ್ನ ತಲೆಯನ್ನೇ ನೋಡುತ್ತಿದ್ದರು. ನನ್ನ ಕತ್ತು ಅಲ್ಲಾಡಲಿಲ್ಲ.

“ಜಾಗ ಇದೆ,” ಅಂದೆ. “ಮೂಲೇಲಿ ಮೂರು ಹಳೇ ಲೇತ್ ಇವೆ. ಆರು ವರ್ಷದಿಂದ ಓಡಿಲ್ಲ. ಹುಡುಗರಿಗೆ ಬೇಕು ಅಂತ ಎಲ್ಲರಿಗೂ ಹೇಳ್ತಾ ಬಂದೆ. ಹುಡುಗರಿಗಲ್ಲ, ನನಗೆ ಬೇಕಿತ್ತು. ನನ್ನ ಗುರುಗಳು ಅದರಲ್ಲೊಂದರ ಮೇಲೆ ನನಗೆ ಕೆಲಸ ಕಲಿಸಿದ್ದು. ಅವನ್ನ ತೆಗೆದ್ರೆ ಯಂತ್ರ ಕೂರುತ್ತೆ. ಅಳತೆ ನನಗೆ ಬಾಯಿಪಾಠ.”

ಅಧ್ಯಕ್ಷರು ಪೆನ್ನು ಕೆಳಗಿಟ್ಟರು. ಇಷ್ಟು ವರ್ಷದಲ್ಲಿ ಇಂಥ ಸಭೆ ನೋಡಿರಲಿಲ್ಲ, ಇಬ್ಬರೂ ಎದುರಿನವರ ಕೇಸು ಗೆಲ್ಲಿಸಲು ಬಂದ ಹಾಗಿದೆ ಎಂದರು. ಆಮೇಲೆ ನಿರ್ಧಾರ ಬರೆಸಿದರು. ಯಂತ್ರ ವರ್ಕ್‌ಶಾಪಿಗೆ. ಉದ್ದ ಕೋಣೆ ಕಲಾ ವಿಭಾಗಕ್ಕೆ. ಕತ್ತರಿಸಿದ ಎರಡು ಗಂಟೆ ಟೈಂಟೇಬಲ್ಲಿಗೆ ವಾಪಸ್, ಕೈಕೆಲಸ ಕಲಿಯುವವರೆಲ್ಲರಿಗೂ.

ಮನೆಗೆ ಹೋಗಿ ಮೊದಲು ಹೆಂಡತಿಗೆ ಬುಷ್‌ಗಳ ವಿಷಯ ಹೇಳಿದೆ. ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

“ಗೊತ್ತು,” ಅಂದಳು. “ಅವತ್ತು ನಾನು ಕೇಳಿದಾಗ ತಲೆ ತಗ್ಗಿಸಿದ್ದು ನೀವೊಬ್ರೇ. ಯಾವತ್ತು ಹೇಳ್ತೀರೋ ಅಂತ ಕಾಯ್ತಾ ಇದ್ದೆ.”

ಮೂವತ್ತೆರಡು ವರ್ಷ ಕಾದಿದ್ದಾಳೆ.

ಜುಲೈ 30, ಭಾನುವಾರ

ಮೂರು ಲೇತ್‌ಗಳನ್ನೂ ಬಿಚ್ಚಿದೆವು. ಗುಜರಿ ಲಾರಿ ಮಧ್ಯಾಹ್ನ ಬಂತು. ನನ್ನ ಹುಡುಗರು ಬಂದಿದ್ದರು, ಮೇಡಂ ತರಗತಿಯವರೂ ಕರೆಯದೆ ಬಂದಿದ್ದರು. ಕನ್ನಡಕದ ಹುಡುಗಿಯ ಮುಖವೆಲ್ಲ ಗ್ರೀಸು. ಗುರುಗಳು ಕಲಿಸಿದ ಲೇತ್ ಲಾರಿ ಏರುವಾಗ ವರ್ಕ್‌ಶಾಪ್ ಹಿಂದೆ ಹೋಗಿ ಅತ್ತುಬಿಟ್ಟೆ. ಯಾರು ಓದುತ್ತಾರೆ, ಬರೆದಿಡುತ್ತೇನೆ. ಆಮೇಲೆ ಬಂದು ಖಾಲಿ ಜಾಗ ಅಳೆದೆ. ಯಂತ್ರ ಕೂತು, ಸುತ್ತ ಓಡಾಡಲು ಮುಕ್ಕಾಲು ಮೀಟರ್ ಉಳಿಯುತ್ತದೆ. ಖುಷಿಯಾಯಿತು.

ಜುಲೈ 31, ಸೋಮವಾರ

ಕಾರ್ಖಾನೆಯವರು ಬಂದು ಜಾಗ ನೋಡಿ ಒಪ್ಪಿದರು. ಗುರುವಾರ ಯಂತ್ರ ಬರುತ್ತದೆ.

ಮೇಡಂ ಗೇಟಿನ ಹತ್ತಿರ ಸಿಕ್ಕರು. ಮೂರು ದಿನದಿಂದ ಒಂದು ಪ್ರಶ್ನೆ ನನ್ನನ್ನು ಕೊರೆಯುತ್ತಿತ್ತು. ಕೇಳಿಯೇಬಿಟ್ಟೆ: ಮಂಡಳಿಯ ಮುಂದೆ ನಾನು ಅಷ್ಟೆಲ್ಲ ಹೇಳಿದರೂ ಯಾಕೆ ತಲೆ ಆಡಿಸಲಿಲ್ಲ? ಎಲ್ಲಿ ತಪ್ಪಿತು? ಒಂದು ಸಲ ಆಡಿಸಿದ್ದರೆ ನನ್ನ ಭಾಷಣವನ್ನಾದರೂ ಓದುತ್ತಿದ್ದೆ.

ಅವರು ಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡರು.

“ಏನೂ ತಪ್ಪಿರಲಿಲ್ಲ ಮೇಷ್ಟ್ರೇ,” ಅಂದರು. “ಇಪ್ಪತ್ತು ವರ್ಷದಿಂದ ಆ ಕೋಣೇಲಿ ಪಾಠ ಮಾಡ್ತಿದ್ದೀನಿ. ಅದು ಯಾಕೆ ಬೇಕು ಅಂತ ನನಗೂ ಅಷ್ಟು ಚೆನ್ನಾಗಿ ಗೊತ್ತಿರಲಿಲ್ಲ. ಕೇಳ್ತಾ ಕೂತುಬಿಟ್ಟೆ. ತಲೆ ಆಡಿಸೋದೇ ಮರೆತುಹೋಯ್ತು.”

ಬುಧವಾರ ಪಾಠ ಎಷ್ಟು ಗಂಟೆಗೆ ಎಂದು ಕೇಳಿದೆ. ಸುಮ್ಮನೆ ಕೇಳಿದ್ದು. ಹನ್ನೊಂದು ಗಂಟೆಗಂತೆ.